ಹನ್ನೊಂದು ಕಿಲೋಮೀಟರ್

ಬುಧವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಪಹರೆಯ ಕಾನ್‌ಸ್ಟೆಬಲ್ ಕುರ್ಚಿ ತೋರಿಸಿದ. ಅವರು ಕೂರಲಿಲ್ಲ.

"ಬಾರ್ಜ್ ಹೋಯ್ತು," ಎಂದರು.

"ಎಲ್ಲಿಗೆ ಹೋಯ್ತು ಸರ್?"

"ಎಲ್ಲಿಗೆ ಹೋಗುತ್ತೆ? ನೀರಿನ ಜೊತೆ ಹೋಯ್ತು! ಕೆಳಗಿನ ಒಡ್ಡಿನ ಬಂಡೆಗೆ ಬಡಿದು ಮಗ್ಗುಲಾಗಿ ಬಿದ್ದಿದೆ. ಎಂಜಿನ್ನಿನ ಒಳಗೆ ಮೀನು ಓಡಾಡ್ತಾ ಇವೆ."

ಇನ್ಸ್‌ಪೆಕ್ಟರ್ ಆಗಷ್ಟೇ ರಾತ್ರಿ ಗಸ್ತು ಮುಗಿಸಿ ಬಂದು ಬೂಟಿನ ದಾರಕ್ಕೆ ಕೈ ಹಾಕಿದ್ದರು. ದಾರವನ್ನು ಮತ್ತೆ ಬಿಗಿದುಕೊಂಡು ಹೊರಗೆ ಬಂದರು. ಅವರು ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಇಲ್ಲಿನ ದೂರುಗಳಲ್ಲಿ ಮುಕ್ಕಾಲು ಪಾಲು ಬೇಲಿ, ಬೈಕು ಮತ್ತು ಮಾತಿಗೆ ಮಾತು ಬೆಳೆದ ಜಗಳ. ಬಾರ್ಜು ಕಾಣೆಯಾದ ದೂರು ಇದೇ ಮೊದಲು.

ಎಂಜಿನಿಯರ್ ಹೇಳಿದ್ದು ಇಷ್ಟು. ಊರಿನಿಂದ ಮೂರು ಕಿಲೋಮೀಟರ್ ದೂರದ ಕಡವಿನಲ್ಲಿ, ದಡದಿಂದ ದಡಕ್ಕೆ ಬಿಗಿದ ತಂತಿ ಹಗ್ಗದ ಆಸರೆಯಲ್ಲಿ ಓಡುವ ಕಬ್ಬಿಣದ ಬಾರ್ಜು ಹಿಂದಿನ ಶುಕ್ರವಾರವಷ್ಟೇ ಉದ್ಘಾಟನೆಯಾಗಿತ್ತು. ಒಂದು ಜೀಪು, ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡದು. ರಾತ್ರಿ ಅದನ್ನು ಆಚೆ ದಡದಲ್ಲಿ ನಿಲ್ಲಿಸುತ್ತಿದ್ದರು. ಕಟ್ಟಲು ಕಂಬ ಇದ್ದದ್ದು ಅಲ್ಲಿ ಮಾತ್ರ. ಬೆಳಿಗ್ಗೆ ಆರಕ್ಕೆ ಒಡ್ಡಿನ ಕಾವಲುಗಾರ ಫೋನ್ ಮಾಡಿದ. ತಾನಾಗಿ ಬಿಚ್ಚಿಕೊಳ್ಳುವ ವಸ್ತು ಅದಲ್ಲ. ಯಾರೋ ಬೇಕೆಂದೇ ಬಿಚ್ಚಿದ್ದಾರೆ.

"ಯಾರ ಮೇಲಾದರೂ ಅನುಮಾನ ಇದೆಯಾ?"

"ಅನುಮಾನ ಏನು ಬಂತು, ಊರಿಗೇ ಗೊತ್ತು. ಹುಟ್ಟಜ್ಜ. ನಲವತ್ತು ವರ್ಷ ಆ ಕಡವಲ್ಲಿ ಹುಟ್ಟು ಹಾಕಿ ದೋಣಿ ನಡೆಸಿದೋನು. ಉದ್ಘಾಟನೆ ದಿನ ರಿಬ್ಬನ್ ಕತ್ತರಿಸೋ ಹೊತ್ತಿಗೆ ಎಲ್ಲರ ಮುಂದೆ ಕೂಗಿದ, 'ಈ ಕಬ್ಬಿಣದ ಹಲಗೆ ಮುಳುಗೋದನ್ನ ನೋಡದೆ ನಾನು ಸಾಯಲ್ಲ' ಅಂತ."

ಏಳೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಆಸ್ತಿಗೆ ಹಾನಿ, ಆರೋಪಿ ಅಪರಿಚಿತ. ಹುಟ್ಟಜ್ಜನ ಹೆಸರು ಹಾಕಬೇಕೆಂದು ಎಂಜಿನಿಯರ್ ಪಟ್ಟು ಹಿಡಿದರು. ಇನ್ಸ್‌ಪೆಕ್ಟರ್ ಒಪ್ಪಲಿಲ್ಲ.

"ಕೂಗಿದವರನ್ನೆಲ್ಲ ಹಿಡಿದರೆ ನನ್ನ ಠಾಣೆ ಸಾಲಲ್ಲ ಸರ್. ಮೊದಲು ಜಾಗ ನೋಡೋಣ."

ಕಡವಿಗೆ ಅವರ ಜೊತೆ ಹೊರಟವರು ದಫೇದಾರ್. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಈ ಮನುಷ್ಯ ಯಾವ ಕೆಲಸಕ್ಕೂ ಇಲ್ಲ ಎನ್ನುತ್ತಿರಲಿಲ್ಲ; ಆದರೆ ಪ್ರತಿಯೊಂದಕ್ಕೂ ಒಂದು ಗೊಣಗಾಟದ ತೆರಿಗೆ ವಸೂಲು ಮಾಡುತ್ತಿದ್ದರು.

ಹುಟ್ಟಜ್ಜ ಕಡವಿನ ಚಹದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಪೊಲೀಸ್ ಜೀಪು ಕಂಡು ಲೋಟ ಕೆಳಗಿಟ್ಟ.

"ಬಂದ್ರಾ? ಆರೂವರೆಯಿಂದ ಕಾಯ್ತಾ ಇದೀನಿ. ಹಿಡ್ಕೊಂಡು ಹೋಗೋಕೆ ಇಷ್ಟು ತಡಾನಾ?"

"ಹಿಡಿಯೋ ಕೆಲಸ ಏನಾದ್ರೂ ಮಾಡಿದೀಯಾ?" ದಫೇದಾರ್ ಕೇಳಿದರು.

"ಬಾಯಿ ಬಿಟ್ಟಿದ್ದೆ. ನಮ್ಮಂಥೋರಿಗೆ ಅಷ್ಟು ಸಾಕಲ್ವಾ?"

ಚಹದಂಗಡಿಯವಳು ಕೇಳದೆಯೇ ಹೇಳಿದಳು: ಅಜ್ಜನ ದೋಣಿಗೆ ರಾತ್ರಿ ಸರಪಳಿ ಬೀಗ ಬೀಳುತ್ತದೆ, ಕೀಲಿ ಇರುವುದು ಅವಳ ಗಲ್ಲಾಪೆಟ್ಟಿಗೆಯಲ್ಲಿ. ಮಂಗಳವಾರ ಸಂಜೆ ಆರಕ್ಕೆ ಬಂದ ಕೀಲಿ ಬುಧವಾರ ಬೆಳಿಗ್ಗೆ ಗದ್ದಲವಾಗುವವರೆಗೆ ಅಲ್ಲೇ ಇತ್ತು. ಈ ದಡದಲ್ಲಿ ಬೇರೆ ದೋಣಿ ಇಲ್ಲ. ಗಲ್ಲಾಪೆಟ್ಟಿಗೆಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುವವಳು ಅವಳು.

ಆಚೆ ದಡಕ್ಕೆ ಹೋಗಲು ಎರಡೇ ದಾರಿ. ಕೆಳಗಿನ ಸೇತುವೆ ಬಳಸಿ ಜೀಪಿನಲ್ಲಿ ಎರಡು ಗಂಟೆ ಸುತ್ತುವುದು. ಇಲ್ಲವೇ ಹುಟ್ಟಜ್ಜನ ದೋಣಿ.

"ಮೇಡಂ," ದಫೇದಾರ್ ದನಿ ತಗ್ಗಿಸಿದರು, "ಅನುಮಾನ ಇರೋನ ದೋಣಿಯಲ್ಲೇ ಕೂತು ಪಂಚನಾಮೆಗೆ ಹೋದರೆ ನಾಳೆ ಕೋರ್ಟಲ್ಲಿ ವಕೀಲ ಬಿದ್ದು ಬಿದ್ದು ನಗ್ತಾನೆ."

"ನಗಲಿ. ಹತ್ತಿ."

"ನನಗೆ ಈಜು ಬರಲ್ಲ."

"ನನಗೂ ಬರಲ್ಲ," ಎಂದ ಹುಟ್ಟಜ್ಜ, ಹುಟ್ಟನ್ನು ನೀರಿಗಿಳಿಸುತ್ತ. "ನಲವತ್ತು ವರ್ಷದಲ್ಲಿ ಅಗತ್ಯಾನೇ ಬೀಳಲಿಲ್ಲ."

ನದಿಯ ನಡುವೆ ಇನ್ಸ್‌ಪೆಕ್ಟರ್ ವಿಚಾರಣೆ ಶುರು ಮಾಡಿದರು. ಓಡಿಹೋಗಲು ಯಾರಿಗೂ ಜಾಗವಿರಲಿಲ್ಲ.

"ಬಾರ್ಜ್ ಬಂದ ಮೇಲೆ ನಿಮ್ಮ ಸಂಪಾದನೆ ನಿಂತಿತಾ?"

"ನಿಲ್ಲೋದಾ? ಹೆಚ್ಚಾಯ್ತು!" ಅಜ್ಜ ಹುಟ್ಟು ನಿಲ್ಲಿಸಿದ. ದೋಣಿ ಅಡ್ಡಡ್ಡ ಹೊರಳಿತು. ದಫೇದಾರ್ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡರು. "ಬಾರ್ಜ್ ಕಟ್ಟೋದು ಆ ಕಡೆ. ಅದರ ಡ್ರೈವರ್ ಮನೆ ಈ ಕಡೆ. ಅವನು ಬೆಳಿಗ್ಗೆ ಬಾರ್ಜ್ ಹತ್ತಿರ ಹೋಗೋದೂ ನನ್ನ ದೋಣಿಯಲ್ಲೇ, ಸಂಜೆ ವಾಪಸ್ ಬರೋದೂ ನನ್ನ ದೋಣಿಯಲ್ಲೇ. ಇಲಾಖೆ ಲೆಕ್ಕದಲ್ಲಿ ಬರ್ಕೋತಾನೆ. ಬಾರ್ಜ್ ಓಡೋದು ಒಂಬತ್ತರಿಂದ ಐದರವರೆಗೆ. ಮಿಕ್ಕ ಹೊತ್ತಿನ ಗಿರಾಕಿ ಪೂರ್ತಿ ನನ್ನವರು. ಸರ್ಕಾರ ಇಷ್ಟು ಚೆನ್ನಾಗಿ ಇನ್ಯಾವತ್ತೂ ನನ್ನ ನೋಡ್ಕೊಂಡಿರಲಿಲ್ಲ."

"ಮತ್ತೆ ಅವತ್ತು ಯಾಕೆ ಕೂಗಿದ್ರಿ?"

"ಅವತ್ತು ಇದು ಗೊತ್ತಿರಲಿಲ್ಲವಲ್ಲ! ಶನಿವಾರ ಗೊತ್ತಾಯ್ತು."

ಇನ್ಸ್‌ಪೆಕ್ಟರ್ ಮುಖ ತಿರುಗಿಸಿ ನಕ್ಕರು. ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡರು: ದೋಣಿಗೆ ಬೀಗವಿತ್ತು, ಸೇತುವೆಯ ರಸ್ತೆಯಲ್ಲಿ ರಾತ್ರಿ ಗಸ್ತಿನಲ್ಲಿದ್ದ ತಮಗೆ ಆ ಕಡೆ ಹೋದ ಒಂದು ಗಾಡಿಯೂ ಕಂಡಿಲ್ಲ; ಈಚೆ ದಡದಿಂದ ರಾತ್ರಿ ಯಾರೂ ದಾಟಿಲ್ಲ. ಕೆಲಸ ಮಾಡಿದವರು ಆಚೆಯವರು.

ಸ್ಥಳ ಪಂಚನಾಮೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಶುರುವಾಯಿತು. ಅಲ್ಲಿದ್ದ ಇಬ್ಬರು ದಾರಿಹೋಕರು ಪಂಚರಾದರು. ತಂತಿ ಹಗ್ಗ ಎಲ್ಲೂ ತುಂಡಾಗಿರಲಿಲ್ಲ. ಬಾರ್ಜನ್ನು ಹಗ್ಗಕ್ಕೆ ಹಿಡಿದಿಡುವ ಎರಡು ಕಬ್ಬಿಣದ ಕೊಂಡಿಗಳು ಖಾಲಿಯಾಗಿ ನೇತಾಡುತ್ತಿದ್ದವು. ಗರಗಸದ ಗುರುತಿಲ್ಲ, ಸುತ್ತಿಗೆಯ ಏಟಿಲ್ಲ. ಹೆಬ್ಬೆರಳು ದಪ್ಪದ ಎರಡು ಬೋಲ್ಟುಗಳನ್ನು ಸರಿಯಾದ ಸ್ಪ್ಯಾನರ್ ಹಾಕಿ ಬಿಚ್ಚಲಾಗಿತ್ತು.

"ಬೋಲ್ಟು ನೀರಿಗೆ ಎಸೆದಿರ್ತಾರೆ," ಎಂದರು ದೋಣಿಯ ಎರಡನೇ ಸುತ್ತಿಗೆ ಬಂದಿಳಿದ ಎಂಜಿನಿಯರ್.

ಎಸೆದಿರಲಿಲ್ಲ. ಪ್ರಯಾಣಿಕರು ಕೂರಲೆಂದು ಹಾಕಿದ್ದ ಕಲ್ಲುಬೆಂಚಿನ ಕೆಳಗೆ ದಫೇದಾರ್ ಕೈಯಾಡಿಸಿದಾಗ ಎಣ್ಣೆ ಬಟ್ಟೆಯ ಒಂದು ಗಂಟು ಸಿಕ್ಕಿತು. ಬಿಚ್ಚಿ ನೋಡಿದರೆ ಎರಡು ಬೋಲ್ಟು. ಒಂದೊಂದಕ್ಕೂ ಅದರದೇ ವಾಷರ್ ಪೋಣಿಸಿ, ನಟ್ಟನ್ನು ಮತ್ತೆ ತಿರುಗಿಸಿ ಕೂರಿಸಲಾಗಿತ್ತು. ಮೇಲೆ ತೆಳ್ಳಗೆ ಗ್ರೀಸು.

"ಇದು ಕಳ್ಳತನ ಅಲ್ಲ ಮೇಡಂ," ದಫೇದಾರ್ ಗಂಟನ್ನು ಬೆಳಕಿಗೆ ಹಿಡಿದರು. "ಸರ್ವೀಸ್ ಮಾಡಿಟ್ಟಿದ್ದಾರೆ. ಬಿಲ್ ಕೊಟ್ಟಿಲ್ಲ ಅಷ್ಟೆ."

ಮೂವತ್ತು ಹೆಜ್ಜೆ ಕೆಳಗೆ ದಡದ ಮರವೊಂದರ ಬುಡಕ್ಕೆ ನೀಲಿ ನೈಲಾನ್ ಹಗ್ಗದ ತುಂಡು ಬಿಗಿಯಾಗಿ ಸುತ್ತಿಕೊಂಡಿತ್ತು. ಇನ್ನೊಂದು ತುದಿ ಎಳೆಎಳೆಯಾಗಿ ಕಿತ್ತುಹೋಗಿತ್ತು. ಬಿಚ್ಚಿದವರು ಬಾರ್ಜನ್ನು ತೇಲಿಬಿಟ್ಟಿರಲಿಲ್ಲ. ಒಂದಿಷ್ಟು ಕೆಳಕ್ಕೆ ಸರಿಸಿ, ಮರಕ್ಕೆ ಕಟ್ಟಿ ನಿಲ್ಲಿಸಿದ್ದರು.

"ನೀರಿನ ರಭಸಕ್ಕೆ ಕಿತ್ತಿದೆ," ಎಂಜಿನಿಯರ್ ಒಪ್ಪಿಕೊಂಡರು. "ಮೇಲಿನ ಅಣೆಕಟ್ಟೆಯಿಂದ ನೀರು ಬಿಡೋದು ಶನಿವಾರ. ಈ ವಾರ ಯಾವುದೋ ಗೇಟು ರಿಪೇರಿ ಅಂತ ಇವತ್ತು ಬೆಳಗಿನ ಜಾವವೇ ಬಿಟ್ಟರಂತೆ. ನಮಗೂ ಹೇಳಲಿಲ್ಲ."

ಪಂಚರ ಸಹಿ ಬಿದ್ದಾಗ ಹತ್ತೂಕಾಲು ದಾಟಿತ್ತು. ಇನ್ಸ್‌ಪೆಕ್ಟರ್ ಕಲ್ಲುಬೆಂಚಿನ ಮೇಲೆ ಕೂತು ಯೋಚಿಸಿದರು. ಬಾರ್ಜು ಓಡಬಾರದು, ಆದರೆ ಹಾಳಾಗಲೂಬಾರದು. ಬೋಲ್ಟು ಮತ್ತೆ ಹಾಕುವಂತಿರಬೇಕು. ಹಾಗಾದರೆ ಓಡಬಾರದಿದ್ದದ್ದು ಎಷ್ಟು ದಿನ? ಪ್ರಾಯಶಃ ಒಂದೇ ದಿನ. ಆ ಒಂದು ದಿನ ಯಾವುದು?

ಉತ್ತರ ಹನ್ನೊಂದೂವರೆಗೆ ಧೂಳೆಬ್ಬಿಸಿಕೊಂಡು ತಾನಾಗಿ ಬಂತು. ಸರ್ಕಾರಿ ಜೀಪೊಂದು ಆಚೆಯ ಹಳ್ಳಿಗಳ ಕಡೆಯಿಂದ ಬಂದು ಕಡವಿನಲ್ಲಿ ನಿಂತಿತು. ಇಳಿದವರು ಶಿಕ್ಷಣ ನೆರವು ಕಚೇರಿಯ ಪರಿಶೀಲನಾಧಿಕಾರಿ. ಕನ್ನಡಕ ಒರೆಸಿಕೊಂಡು ನದಿಯನ್ನೂ ಪೊಲೀಸರನ್ನೂ ನೋಡಿದರು.

"ಬಾರ್ಜ್ ಇಲ್ಲ ಅಂತ ಬೆಳಿಗ್ಗೆಯೇ ಗೊತ್ತಾಯ್ತು. ಕೆಳಗಿನ ಸೇತುವೆ ಸುತ್ತಿ ಬಂದೆ. ಏನಾಗಿದೆ ಅಂತ ಕಣ್ಣಾರೆ ನೋಡಿ ವರದಿಗೆ ಬರೆಯೋಣ ಅಂತ ಇಳಿದೆ."

"ಯಾವ ವರದಿ?"

"ದೂರದ ಮಕ್ಕಳ ನೆರವಿನದು. ಮನೆಯಿಂದ ಹತ್ತಿರದ ಪ್ರೌಢಶಾಲೆಗೆ ವಾಹನ ಹೋಗೋ ದಾರಿ ಹದಿನಾರು ಕಿಲೋಮೀಟರಿಗಿಂತ ಹೆಚ್ಚಿದ್ದರೆ, ಮಗು ಹಾಸ್ಟೆಲಿನಲ್ಲಿ ಇದ್ದು ಓದೋ ಖರ್ಚನ್ನ ಸರ್ಕಾರ ಕೊಡುತ್ತೆ. ವರ್ಷಕ್ಕೊಂದು ಸಲ ನಾವು ಬಂದು ದಾರಿ ಅಳೀತೀವಿ. ಇವತ್ತು ಈ ದಂಡೆಯ ಸರದಿ."

"ಸುತ್ತಿ ಬಂದಾಗ ಅಳತೆ ಎಷ್ಟು ಬಂತು?"

"ನಲವತ್ತಮೂರು."

"ಬಾರ್ಜಿನಲ್ಲಿ ದಾಟಿ ಬಂದಿದ್ದರೆ?"

ಅಧಿಕಾರಿ ಕನ್ನಡಕ ಹಾಕಿಕೊಂಡರು. ಪ್ರಶ್ನೆಯ ತೂಕ ಅವರಿಗೂ ಆಗ ತಾಗಿತು.

"ಹನ್ನೊಂದು ಬರ್ತಿತ್ತು," ಎಂದರು.

"ಈ ದಂಡೆಯಲ್ಲಿ ನೆರವು ಪಡೀತಿರೋ ಮಕ್ಕಳು ಎಷ್ಟು? ನೀವು ಇವತ್ತೇ ಬರೋದು ಯಾರಿಗೆ ಗೊತ್ತಿತ್ತು?"

"ಮೂರೇ ಮಕ್ಕಳು. ಎರಡು ಮನೆಯವರಿಗೂ ಹೋದ ವಾರ ತಿಳಿಸಿದ್ದೆ. ಕೋಳಿ ಸಾಕಣೆಯವರ ಅವಳಿ ಗಂಡುಮಕ್ಕಳು. ಅವರ ಅಪ್ಪ ಅಮ್ಮ ಇಬ್ಬರೂ ಭಾನುವಾರದಿಂದ ಜಿಲ್ಲಾ ಆಸ್ಪತ್ರೆಯಲ್ಲಿದ್ದಾರೆ, ಆಪರೇಷನ್ ಅಂತೆ. ಇನ್ನೊಂದು ಹೆಣ್ಣುಮಗು, ಹತ್ತನೇ ಕ್ಲಾಸು. ಪಂಪ್‌ಹೌಸ್ ನಡೆಸೋ ಹೆಂಗಸು ಸಾಕಿರೋ ಹುಡುಗಿ."

"ಸಾಕಿರೋ ಅಂದರೆ? ಮಗಳಲ್ವಾ?"

"ತಂಗಿ ಮಗಳು. ಅದೇ ದೊಡ್ಡ ಕತೆ ಆಗಿತ್ತು. ಹೆತ್ತ ತಾಯಿ ಬದುಕಿರುವಾಗ ದೊಡ್ಡಮ್ಮ ಅರ್ಜಿ ಹಾಕಬಹುದಾ ಅಂತ ನಮ್ಮ ಹಿಂದಿನವರು ಒಂದು ವರ್ಷ ಪೂರ್ತಿ ಎಳೆದಾಡಿದ್ರು. ನಿಯಮ ಕೇಳೋದು ಹೆತ್ತೋರು ಯಾರು ಅಂತ ಅಲ್ಲ, ದಿನಾ ನೋಡಿಕೊಳ್ಳೋರು ಯಾರು ಅಂತ. ನಾನು ಬಂದ ಮೇಲೆ ಮಂಜೂರು ಮಾಡಿದೆ."

ಪಂಪ್‌ಹೌಸ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ದಫೇದಾರ್ ತಮ್ಮ ಕೈಯಲ್ಲಿದ್ದ ಎಣ್ಣೆ ಬಟ್ಟೆಯ ಗಂಟನ್ನು ನೋಡಿದರು. ಈ ಸಲ ಗೊಣಗಾಟದ ತೆರಿಗೆ ಕೇಳದೆಯೇ ಮುಂದೆ ನಡೆದರು.

ಪಂಪ್‌ಹೌಸ್ ಕಡವಿನಿಂದ ನಡಿಗೆಯ ದೂರದಲ್ಲೇ ಇತ್ತು. ಹೆಂಚಿನ ಮಾಡು, ತಂತಿ ಜಾಲರಿಯ ಕಿಟಕಿ. ಒಳಗೆ ಎರಡು ಮೋಟಾರು. ಒಂದು ಓಡುತ್ತಿತ್ತು, ಇನ್ನೊಂದರ ಹೊಟ್ಟೆ ಬಿಚ್ಚಿತ್ತು. ನೆಲ ಗುಡಿಸಿ ಒರೆಸಿದಂತಿತ್ತು. ಈ ದಂಡೆಯ ಆರು ಹಳ್ಳಿಗಳಿಗೆ ಕುಡಿಯುವ ನೀರು ಹೋಗುವುದು ಈ ಕೋಣೆಯಿಂದ. ನಡೆಸುವವಳನ್ನು ಆ ಹಳ್ಳಿಗಳವರೆಲ್ಲ ಕರೆಯುವುದು ಪಂಪಕ್ಕ ಎಂದು. ಐವತ್ತರ ಆಸುಪಾಸು, ತೋಳು ಮಡಚಿದ ನೀಲಿ ಅಂಗಿ, ಜೇಬಿನಲ್ಲಿ ಸ್ಪ್ಯಾನರು. ಪೊಲೀಸರನ್ನು ಕಂಡು ಗಾಬರಿಪಡಲಿಲ್ಲ. ಎರಡು ಸ್ಟೂಲು ಎಳೆದು ಹಾಕಿದಳು.

ಬಿಚ್ಚಿದ್ದ ಮೋಟಾರಿನ ಪಕ್ಕ ತಗಡಿನ ತಟ್ಟೆಯಲ್ಲಿ ಎಂಟು ಬೋಲ್ಟು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ತುದಿಗೂ ನಟ್ಟು.

"ಬಿಚ್ಚಿದ ಬೋಲ್ಟಿಗೆ ಮತ್ತೆ ನಟ್ಟು ಯಾಕೆ ಹಾಕಿದೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಅದರ ನಟ್ಟು ಅದಕ್ಕೇ ಹಾಕಿಡಬೇಕು. ಅದಲು ಬದಲಾದ್ರೆ ಥ್ರೆಡ್ ತಿಂದುಹಾಕುತ್ತೆ. ನನ್ನ ಗಂಡ ಇದೇ ಪಂಪಲ್ಲಿ ಆಪರೇಟರು. ಸಾಯೋ ಮುಂಚೆ ಕೆಲಸ ಕಲಿಸಿದ್ದು ಅವರೇ. ಬೈದು ಬೈದು ರೂಢಿ ಮಾಡಿಸಿದ್ರು."

"ನೀರೆಳೆಯೋ ಪೈಪಿನ ಫುಟ್‌ವಾಲ್ವ್ ನದಿಗೆ ಇಳಿಸೋಕೆ ಯಾವ ಹಗ್ಗ ಬಳಸ್ತೀರಿ?"

ಅವಳು ಗೋಡೆಯ ಮೊಳೆ ನೋಡಿದಳು. ಮೊಳೆಯಲ್ಲಿ ನೀಲಿ ನೈಲಾನ್ ಹಗ್ಗದ ಸುರುಳಿ ತೂಗುತ್ತಿತ್ತು. ಅದರ ತುದಿ ಹೊಸದಾಗಿ ಕತ್ತರಿಸಿದ್ದು.

ದಫೇದಾರ್ ಎಣ್ಣೆ ಬಟ್ಟೆಯ ಗಂಟನ್ನು ತಟ್ಟೆಯ ಪಕ್ಕ ಇಟ್ಟು ಬಿಚ್ಚಿದರು. ಈಗ ಬೋಲ್ಟುಗಳು ಹತ್ತಾದವು. ಒಂದೇ ಕೈ ಕೂರಿಸಿದ ಹತ್ತು ನಟ್ಟು.

ಪಂಪಕ್ಕ ಎದ್ದು ಹೋಗಿ ಓಡುತ್ತಿದ್ದ ಮೋಟಾರಿನ ವಾಲ್ವನ್ನು ಕಾಲು ಸುತ್ತು ತಿರುಗಿಸಿ ಬಂದಳು. ಆಮೇಲೆ ಹೇಳಿದಳು.

"ಕಟ್ಟಿದ್ದೆ ಮೇಡಂ. ಗಟ್ಟಿಯಾಗೇ ಕಟ್ಟಿದ್ದೆ. ಇವತ್ತು ನೀರು ಬಿಡೋ ದಿನ ಅಲ್ಲ. ನಾಳೆ ಬೆಳಿಗ್ಗೆ ಬೋಲ್ಟು ಹಾಕಿಬಿಡೋಣ ಅಂತಿದ್ದೆ. ಅದು ಮುರಿದುಹೋಯ್ತಾ? ಪೂರ್ತಿ?"

"ಮಗ್ಗುಲು ಸೀಳಿದೆ. ಎಂಜಿನ್ ನೀರು ಕುಡಿದಿದೆ."

"ಎಂಜಿನ್ ಇವತ್ತೇ ಬಿಚ್ಚಿ ಒಣಗಿಸಬೇಕು. ನಾಳೆಗೆ ಬಿಟ್ರೆ ತುಕ್ಕು ಹಿಡಿಯುತ್ತೆ. ಆ ಎಂಜಿನಿಯರ್ ಸಾಹೇಬ್ರಿಗೆ ಹೇಳಿ. ಹೇಳದಿದ್ರೆ ಅವರು ವರದಿ ಬರೀತಾ ಕೂತಿರ್ತಾರೆ."

"ಹೇಳ್ತೀನಿ. ಯಾಕೆ ಬಿಚ್ಚಿದ್ರಿ ಅನ್ನೋದು ನೀವು ಹೇಳಿ."

ಅವಳು ಹೇಳಿದ್ದನ್ನು ದಫೇದಾರ್ ಬರೆದುಕೊಂಡರು. ಹುಡುಗಿಗೆ ನಾಲ್ಕು ವರ್ಷವಿದ್ದಾಗ ತಂಗಿ ಕೆಲಸಕ್ಕೆಂದು ಶಹರಕ್ಕೆ ಹೋದಳು. ಮೊದಮೊದಲು ಹಬ್ಬ ಹುಣ್ಣಿಮೆಗೆ ಬಂದಳು. ಆಮೇಲೆ ಅಲ್ಲೇ ಇನ್ನೊಂದು ಸಂಸಾರವಾಯಿತು. ಹುಡುಗಿ ಪಂಪ್‌ಹೌಸಿನ ಕಿಟಕಿಯ ಕೆಳಗೆ ಓದುತ್ತ, ಮೋಟಾರಿನ ಸದ್ದಿಗೆ ನಿದ್ದೆ ಮಾಡುತ್ತ ಬೆಳೆದಳು. ಎಂಟನೇ ಕ್ಲಾಸಿಗೆ ನದಿ ದಾಟಿ ಹತ್ತು ಕಿಲೋಮೀಟರ್ ದೂರದ ಊರಿನ ಪ್ರೌಢಶಾಲೆ. ಅವಳು ನಸುಕಿಗೇ ಎದ್ದು ಹುಟ್ಟಜ್ಜನ ದೋಣಿ, ಅಲ್ಲಿಂದ ಸಿಕ್ಕ ಗಾಡಿ, ಇಲ್ಲದಿದ್ದರೆ ನಡಿಗೆ. ಒಂದು ಸಂಜೆ ಬಸ್ಸು ಕೆಟ್ಟು ಕಡವಿಗೆ ಬರುವುದು ತಡವಾಯಿತು. ಅಜ್ಜ ಜ್ವರ ಬಂದು ಮನೆಗೆ ಹೋಗಿದ್ದ. ಚಹದಂಗಡಿ ಆಗಿನ್ನೂ ಇರಲಿಲ್ಲ. ಹುಡುಗಿ ಬೆಳಗಾಗುವವರೆಗೆ ತಂಗುದಾಣದ ಮೂಲೆಯಲ್ಲಿ ಕೂತಿದ್ದಳು. ದೊಡ್ಡಮ್ಮ ಈ ದಡದಲ್ಲಿ ಟಾರ್ಚು ಹಿಡಿದು ಕೂತಿದ್ದಳು. ನಡುವೆ ನದಿ.

"ಅವಳು ಅಲ್ಲಿಂದ ಕೂಗೋದು ಕೇಳಿಸ್ತಿತ್ತು, 'ದೊಡ್ಡಮ್ಮ, ಟಾರ್ಚ್ ಆರಿಸಬೇಡ' ಅಂತ. ಬ್ಯಾಟರಿ ಮುಗೀತು. ಆಮೇಲೆ ನಾನು ಕೂಗ್ತಾನೇ ಇದ್ದೆ, ಬೆಳಗಾಗೋವರೆಗೆ. ಏನು ಕೂಗಿದೆ ಅಂತ ನೆನಪಿಲ್ಲ. ಮಗ್ಗಿ ಹೇಳಿಸಿದೆ ಅಂತ ಅವಳು ಹೇಳ್ತಾಳೆ. ಮಾರನೇ ವಾರ ಹಾಸ್ಟೆಲಿಗೆ ಹಾಕಿದೆ."

ಹಾಸ್ಟೆಲಿನ ಖರ್ಚು ಅವಳ ಸಂಬಳದ ಅರ್ಧಕ್ಕಿಂತ ಹೆಚ್ಚು. ನೆರವಿಗೆ ಅರ್ಜಿ ಹಾಕಿದಳು. ತಾಯಿ ಬರಲಿ ಎಂದರು. ತಾಯಿ ಬರುವುದಿಲ್ಲ ಎಂದಾಗ ಬರುವುದಿಲ್ಲವೆಂದು ತಾಯಿಯಿಂದಲೇ ಬರೆಸಿಕೊಂಡು ಬಾ ಎಂದರು. ಬರೆಸಿ ತಂದಾಗ, ಅದು ಸಾಲದು, ಮಗು ನಿನ್ನ ಬಳಿಯೇ ಇದೆ ಎಂದು ಮೂರನೆಯವರು ಹೇಳಬೇಕು ಎಂದರು. ಪ್ರತಿ ಸಲವೂ ದೋಣಿ ದಾಟಿ, ಬಸ್ಸು ಹಿಡಿದು ಕಚೇರಿಗೆ ಹೋಗುವುದು, ಹಾಗೆಯೇ ವಾಪಸು ಬರುವುದು. ಆ ಹೊತ್ತಿಗೆ ಪಂಪು ನೋಡಿಕೊಳ್ಳಲು ಯಾರಿಗಾದರೂ ದಮ್ಮಯ್ಯ ಗುಡ್ಡೆ ಹಾಕುವುದು.

"ಬಾರ್ಜ್ ಬಂತಲ್ಲ ಈಗ. ಮಗು ಮನೆಯಿಂದಲೇ ಹೋಗಿಬರಬಹುದಲ್ವಾ?" ದಫೇದಾರ್ ಕೇಳಿದರು. ಕೇಳಬೇಕಾದ ಪ್ರಶ್ನೆ, ಅವರ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ.

"ಶಾಲೆ ಗಂಟೆ ಎಂಟೂವರೆಗೆ ಹೊಡಿಯುತ್ತೆ. ಬಾರ್ಜ್ ಹೊರಡೋದು ಒಂಬತ್ತಕ್ಕೆ. ಸಂಜೆ ಸ್ಪೆಷಲ್ ಕ್ಲಾಸ್ ಬಿಡೋದು ಐದಕ್ಕೆ. ಬಾರ್ಜ್ ಬೀಗ ಹಾಕೋದೂ ಐದಕ್ಕೆ. ನೀವೇ ಹೇಳಿ ಸಾರ್, ಹೆಂಗೆ ಹೋಗ್ತಾಳೆ, ಹೆಂಗೆ ಬರ್ತಾಳೆ? ಕಾಗದದಲ್ಲಿ ಮಾತ್ರ ನನ್ನ ಮನೆ ಹತ್ತಿರ ಆಗಿಹೋಯ್ತು."

ಇನ್ಸ್‌ಪೆಕ್ಟರ್ ಅಲ್ಲಿಯೇ ಬಂಧಿಸಲಿಲ್ಲ. ಮಹಜರು ಬರೆಸಿ ಹಗ್ಗ, ಸ್ಪ್ಯಾನರು ವಶಕ್ಕೆ ತೆಗೆದುಕೊಂಡರು. ಬದಲಿ ಆಪರೇಟರನ್ನು ಗೊತ್ತುಮಾಡಿ ಮರುದಿನ ಹನ್ನೊಂದಕ್ಕೆ ಠಾಣೆಗೆ ಬರಬೇಕೆಂದು ನೋಟಿಸು ಕೊಟ್ಟರು.

ವಾಪಸು ದೋಣಿಯಲ್ಲಿ ದಫೇದಾರ್ ಕೇಳಿದರು, "ಓಡಿಹೋದ್ರೆ ಮೇಡಂ?"

"ಪಂಪು ನಿಲ್ಲಿಸಿ ಅರ್ಜಿ ಹಿಡಿದು ಓಡಾಡೋಕೇ ದಮ್ಮಯ್ಯ ಅನ್ನಬೇಕಿತ್ತು ಅಂದ್ಲಲ್ಲ. ಓಡಿಹೋಗೋಕೆ ರಜೆ ಯಾರು ಕೊಡ್ತಾರೆ?"

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಪರಿಶೀಲನಾಧಿಕಾರಿಗೆ ಫೋನ್ ಮಾಡಿದರು. ಎರಡು ಪ್ರಶ್ನೆ ಇದ್ದವು. ಮೊದಲನೆಯದು, ಒಂಬತ್ತಕ್ಕೆ ಶುರುವಾಗುವ ಬಾರ್ಜನ್ನು ದಾರಿ ಎಂದು ಲೆಕ್ಕ ಹಿಡಿಯುತ್ತಾರೆಯೇ?

"ಇಲ್ಲ. ಶಾಲೆ ಹೊತ್ತಿಗೆ ಮಗುವನ್ನ ತಲುಪಿಸಿ ವಾಪಸ್ ತರದಿದ್ದರೆ ಅದು ನಮಗೆ ದಾರಿಯೇ ಅಲ್ಲ. ನೀವು ನಿನ್ನೆ ಅಳತೆ ಕೇಳಿದ್ರಿ, ಅಳತೆ ಹೇಳಿದೆ. ಬಾರ್ಜ್ ಇದ್ದಿದ್ದರೂ ನಾನು ನಲವತ್ತಮೂರು ಅಂತಲೇ ಬರೀತಿದ್ದೆ."

ಇನ್ಸ್‌ಪೆಕ್ಟರ್ ಡೈರಿಯಲ್ಲಿ ನಲವತ್ತಮೂರು ಎಂದು ಬರೆದು ಸುತ್ತು ಹಾಕಿದರು.

"ಎರಡನೆಯದು. ನೆರವು ಪಡೆಯೋರ ಮೇಲೆ ಕೇಸಾದರೆ?"

"ಕೇಸು ನಿಮ್ಮದು. ಮಗು ಯಾರ ಆರೈಕೆಯಲ್ಲಿದೆ ಅನ್ನೋದು ನಮ್ಮದು. ಅವರು ಒಂದೆರಡು ದಿನ ನಿಮ್ಮಲ್ಲಿ ಕೂತ್ರೆ ಆರೈಕೆ ತಪ್ಪಿತು ಅಂತ ನಾನು ಬರೆಯಲ್ಲ. ವರ್ಷಗಟ್ಟಲೆ ಒಳಗಿಟ್ಟರೆ ಬೇರೆ ಮಾತು."

"ಜಾಮೀನು ಸಿಗೋ ಸೆಕ್ಷನ್," ಎಂದರು ಇನ್ಸ್‌ಪೆಕ್ಟರ್.

ಪಂಪಕ್ಕ ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಬಂದಳು. ಒಗೆದ ನೀಲಿ ಅಂಗಿ, ಕೈಚೀಲದಲ್ಲಿ ಒಂದು ಜೊತೆ ಬಟ್ಟೆ. ಹೇಳಿಕೆ ಬರೆದು ಮುಗಿಸುವ ಹೊತ್ತಿಗೆ ಹನ್ನೆರಡು ದಾಟಿತ್ತು. ದಫೇದಾರ್ ಓದಿ ಹೇಳಿದರು. ಒಂದು ಕಡೆ ಅವಳು ತಿದ್ದಿಸಿದಳು: ತಾನು ಬಳಸಿದ್ದು ಇಪ್ಪತ್ತನಾಲ್ಕರ ಸ್ಪ್ಯಾನರಲ್ಲ, ಮೂವತ್ತರದು.

ಆಮೇಲೆ ಇನ್ಸ್‌ಪೆಕ್ಟರ್ ಅಧಿಕಾರಿ ಹೇಳಿದ್ದನ್ನು ಹೇಳಿದರು. ಪಂಪಕ್ಕ ಪೂರ್ತಿ ಕೇಳಿಸಿಕೊಂಡಳು. ಮೊದಲು ಅವಳ ಮುಖ ಬೆಳಗಿತು; ಹುಡುಗಿಯ ಹಾಸ್ಟೆಲು ತಪ್ಪಿಲ್ಲ. ಅದಾದ ಮೇಲೆ ಮಿಕ್ಕ ಅರ್ಥ ಒಳಗಿಳಿಯಿತು. ಕೈಚೀಲವನ್ನು ತೊಡೆಯ ಮೇಲಿಂದ ನೆಲಕ್ಕಿಟ್ಟಳು.

"ಹಾಗಾದ್ರೆ ನಾನು ಮಾಡಿದ್ದು ಬೇಕೇ ಇರಲಿಲ್ಲ."

"ಇರಲಿಲ್ಲ. ಒಂದು ಮಾತು ಆ ಕಚೇರಿಯಲ್ಲಿ ಕೇಳಿದ್ರೆ ಆಗ್ತಿತ್ತು."

"ಕೇಳಿದ್ರೆ ಬಾರ್ಜ್ ಬಂದಿರೋದು ಅವರಿಗೆ ಗೊತ್ತಾಗ್ತಿತ್ತಲ್ಲ ಮೇಡಂ." ವಾದಿಸುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ. "ನಾನು ಕೇಳಿದಾಗೆಲ್ಲ ಅವರಿಗೆ ಹೊಸದೊಂದು ಹೊಳೀತಿತ್ತು. ತಾಯಿ ಎಲ್ಲಿ ಅಂತ ನಾನೇ ಬಾಯಿಬಿಟ್ಟೆ, ತಾಯಿ ಬೇಕು ಅಂದ್ರು. ಪತ್ರ ಸಾಕಾ ಅಂತ ನಾನೇ ಕೇಳಿದೆ, ಸಾಲದು ಅಂದ್ರು. ಕೇಳಿ ಕೇಳಿ ಕಲಿತೆ, ಕೇಳಬಾರದು ಅಂತ."

ದಫೇದಾರ್ ಬಂಧನದ ಜ್ಞಾಪನಾ ಪತ್ರವನ್ನು ಎದುರಿಗೆ ಎಳೆದುಕೊಂಡರು.

"ಬಂಧಿಸಿದ ವಿಷಯ ಯಾರಿಗೆ ತಿಳಿಸಬೇಕಮ್ಮ? ಮನೆಯವರು, ಬಂಧುಗಳು."

"ಯಾರಿಗ್ಯಾಕೆ? ನಾನೇ ಬಂದಿದೀನಲ್ಲ."

"ಕಾನೂನು. ಒಬ್ಬರಿಗೆ ತಿಳಿಸಲೇಬೇಕು. ಬಂಧಿಸಿದ ತಕ್ಷಣ."

"ನನಗೆ ಇರೋಳು ಅವಳೊಬ್ಬಳೇ." ಅವಳು ಆ ಪತ್ರದ ಮೇಲೆ ಅಂಗೈ ಇಟ್ಟಳು. "ಈಗ ಬೇಡ ಸಾರ್. ಗಣಿತ ಪರೀಕ್ಷೆ ಬರೀತಾ ಇದಾಳೆ. ಪೂರ್ವಸಿದ್ಧತಾ ಪರೀಕ್ಷೆ. ಹಾಸ್ಟೆಲಿಗೆ ಸುದ್ದಿ ಹೋದ್ರೆ ವಾರ್ಡನ್ ಹೋಗಿ ಕರೆದುಬಿಡ್ತಾರೆ. ಪೇಪರ್ ಬಿಟ್ಟು ಓಡಿ ಬರ್ತಾಳೆ ಅವಳು. ನನಗೆ ಗೊತ್ತು."

"ಎಷ್ಟೊತ್ತಿಗೆ ಮುಗಿಯುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ಗಂಟೆಗೆ."

ದಫೇದಾರ್ ಪೆನ್ನು ಎತ್ತಿದರು. "ಬಂಧನದ ಸಮಯ ಏನ್ ಬರೀಲಿ ಮೇಡಂ? ಹನ್ನೆರಡು ಇಪ್ಪತ್ತು?"

ಇನ್ಸ್‌ಪೆಕ್ಟರ್ ಗೋಡೆಯ ಗಡಿಯಾರ ನೋಡಿದರು.

"ಇವರನ್ನ ಇನ್ನೂ ಬಂಧಿಸಿಲ್ಲ," ಎಂದರು. "ಹೇಳಿಕೆ ಕೊಡೋಕೆ ಬಂದಿದ್ದಾರೆ. ಕೊಟ್ಟಿದ್ದಾರೆ. ಬೇಕಾದ್ರೆ ಎದ್ದು ಹೋಗಬಹುದು."

"ಎಲ್ಲಿಗೆ ಹೋಗಲಿ?" ಎಂದಳು ಪಂಪಕ್ಕ.

"ಹಾಗಾದ್ರೆ ಕೂತಿರಿ."

ಕೂತರು. ದಫೇದಾರ್ ಚಹ ತರಿಸಿದರು. ಪಂಪಕ್ಕ ಅರ್ಧ ಲೋಟ ಕುಡಿದು ಕಿವಿ ನಿಮಿರಿಸಿದಳು. ಹಿತ್ತಿಲಲ್ಲಿ ಠಾಣೆಯ ನೀರಿನ ಮೋಟಾರು ಕಿರುಗುಡುತ್ತಿತ್ತು.

"ಅದು ನೀರಿಲ್ಲದೆ ಒಣಗಿ ಓಡ್ತಾ ಇದೆ. ಯಾರಾದ್ರೂ ಆಫ್ ಮಾಡಿ. ಸುಟ್ಟುಹೋಗುತ್ತೆ."

"ಅದು ಹುಟ್ಟಿದಾಗಿಂದ ಹಾಗೇ ಕಿರುಚೋದು," ಎಂದರು ದಫೇದಾರ್. ಆದರೂ ಎದ್ದು ಹೋಗಿ ಆಫ್ ಮಾಡಿ ಬಂದರು. ಮೂವರೂ ಬೇರೆ ಬೇರೆ ಕಡೆ ನೋಡುತ್ತ ಕಾದರು.

ಒಂದು ಗಂಟೆ ಐದು ನಿಮಿಷಕ್ಕೆ ಇನ್ಸ್‌ಪೆಕ್ಟರ್ ಎದ್ದು ನಿಂತು ಟೋಪಿ ಹಾಕಿಕೊಂಡರು. ಆರೋಪವನ್ನು ಒಮ್ಮೆ ಸರಿಯಾಗಿ ಹೇಳಿ, ಬಂಧಿಸಲಾಗಿದೆ ಎಂದರು. ದಫೇದಾರ್ ಸಮಯ ಬರೆದರು. ಪಂಪಕ್ಕ ಸಹಿ ಹಾಕಿದಳು. ಇನ್ಸ್‌ಪೆಕ್ಟರ್ ಹಾಸ್ಟೆಲಿಗೆ ತಾವೇ ಫೋನ್ ಮಾಡಿ, ಹುಡುಗಿ ಈಗಷ್ಟೇ ಪರೀಕ್ಷೆ ಮುಗಿಸಿ ಬಂದಳೆಂದು ವಾರ್ಡನ್ ಹೇಳಿದ ಮೇಲೆ, ಅವಳನ್ನೇ ಕರೆಯಲು ಹೇಳಿ ರಿಸೀವರನ್ನು ಪಂಪಕ್ಕನ ಕೈಗೆ ಕೊಟ್ಟರು.

"ಹಲೋ? ನಾನು, ದೊಡ್ಡಮ್ಮ. ಹೆಂಗಿತ್ತು ಪೇಪರ್ರು?"

ಆ ಕಡೆಯಿಂದ ಉತ್ತರ ಉದ್ದವಾಗಿತ್ತು. ಪ್ರಶ್ನೆ ಪ್ರಶ್ನೆಯಾಗಿ ಬಿಡಿಸಿ ಹೇಳುತ್ತಿದ್ದಳೆಂದು ತೋರುತ್ತದೆ. ಪಂಪಕ್ಕ ಹೂಂಗುಟ್ಟುತ್ತ ನಿಂತಿದ್ದಳು. ಯಾರೂ ಅವಸರ ಮಾಡಲಿಲ್ಲ. ಬಂಧನದ ಸುದ್ದಿ ಅದೆಲ್ಲ ಮುಗಿದ ಮೇಲೆ ಬಂತು.